ಬಾಗಿಲಿಗೆ ಅಡ್ಡ ಬಂದ ಗಿಡ

ಮೆಲ್ಬರ್ನಿನಲ್ಲಿರುವ ತಂಗಿಯ ಮಗ ಹೋದ ದೀಪಾವಳಿಗೆ ಬಂದಾಗ ನನ್ನ ಕೈಗೆ ಉದ್ದನೆಯ ರಟ್ಟಿನ ಕೊಳವೆಯೊಂದನ್ನು ಕೊಟ್ಟ. ಒಂದು ಸಲ ಚಾಕೊಲೇಟು, ಒಂದು ಸಲ ಕಾಂಗರೂ ಗೊಂಬೆ, ನನಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದ ಮೇಲೆ ಮತ್ತೆ ಚಾಕೊಲೇಟು ತಂದಿದ್ದ ಹುಡುಗ. ಈ ಸಲ ಏನಪ್ಪಾ ಎಂದು ಕೊಳವೆಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಒಳಗಿದ್ದದ್ದು ಸುರುಳಿ ಸುತ್ತಿದ ಒಂದು ಚಿತ್ರ. ಅವರೂರಿನ ನ್ಯಾಷನಲ್ ಗ್ಯಾಲರಿಯಲ್ಲಿ ಇರುವ ಅಸಲು ಚಿತ್ರದ ಅಚ್ಚು.

"ಮಾಮ, ಮೂವತ್ತು ವರ್ಷ ಬೆಳಕಿನ ಪಾಠ ಮಾಡೀರಿ. ಇದರಾಗೂ ಬೆಳಕs ಐತಿ, ನೋಡ್ರಿ" ಎಂದ. ನಾನು ವಿಜ್ಞಾನದ ಮಾಸ್ತರನಾಗಿ ನಿವೃತ್ತನಾದವನು. ಬೆಳಕಿನ ಪಾಠದಲ್ಲಿ ನಾನು ಹೇಳುತ್ತಿದ್ದದ್ದು ಅದು ನೇರವಾಗಿ ಹೋಗುತ್ತದೆ ಎಂಬ ಒಂದೇ ಸಂಗತಿ. ಹೋಗಿ ಏನು ಮಾಡುತ್ತದೆ ಎಂದು ಯಾವ ಹುಡುಗನೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಚಿತ್ರದಲ್ಲಿರುವುದು ಒಂದು ಮನೆ. ತಿಳಿಹಳದಿ ಗೋಡೆ, ಬೂದುನೀಲಿ ಕಿಟಕಿಗಳು, ಬಾಗಿಲಲ್ಲಿ ಕಂಬ ನಿಲ್ಲಿಸಿ ಮೇಲೆ ಮುಕ್ಕೋನ ಮಾಡಿದ ಮುಖಮಂಟಪ. ಮನೆಯ ಮುಂದೆ ಬಿಸಿಲು ಬಿದ್ದ ಹುಲ್ಲು, ಹೂವು. ಎಲ್ಲಾ ಸರಿಯಾಗಿದೆ, ಆದರೆ ನಟ್ಟನಡುವೆ ಒಂದು ಮರದ ಬೊಡ್ಡೆ ಎದ್ದು, ಬೇರೆಲ್ಲೂ ಜಾಗ ಸಿಗಲಿಲ್ಲವೆಂಬಂತೆ ಸರಿಯಾಗಿ ತಲಬಾಗಿಲಿಗೇ ಅಡ್ಡ ನಿಂತುಬಿಟ್ಟಿದೆ. ಸಿನಿಮಾ ಟಾಕೀಸಿನಲ್ಲಿ ಮುಂದಿನ ಸೀಟಿಗೆ ಉದ್ದನೆಯ ಮನುಷ್ಯ ಬಂದು ಕೂತ ಹಾಗೆ. ಮನುಷ್ಯರ ಸುಳಿವೇ ಇಲ್ಲ. ನನ್ನ ಹೆಂಡತಿ ಕನ್ನಡಕ ಏರಿಸಿಕೊಂಡು ನೋಡಿ, "ಎಲ್ಲಾರೂ ಬೀಗ ಹಾಕ್ಯಂಡು ಎಲ್ಲಿಗೆ ಹೋಗ್ಯಾರ್ರೀ?" ಎಂದಳು. ಅವಳಿಗೆ ಯಾವ ಮನೆ ಕಂಡರೂ ಮೊದಲು ಬೀಗದ ಯೋಚನೆ.

ಬರೆದವನ ಹೆಸರು ಎದುವಾರ್ ಮಾನೆ, ಊರು ಪ್ಯಾರಿಸ್. ಅದೇ ಕಾಲದಲ್ಲಿ ಅದೇ ಊರಿನಲ್ಲಿ ಕ್ಲೋದ್ ಮೊನೆ ಎಂಬ ಇನ್ನೊಬ್ಬನಿದ್ದ. ಮಾನೆ, ಮೊನೆ, ನಡುವೆ ಈ ಮನೆ. ಕಾಗುಣಿತ ತಪ್ಪುವ ಹುಡುಗರಿಗೆ ಹೇಳಿ ಮಾಡಿಸಿದ ಪಾಠ. ಫ್ರೇಮು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದೆ. ಮೂರನೆಯ ದಿನ ಎದುರುಮನೆಯ ಗೌಡರು ಪೇಪರು ಓದಲು ಬಂದರು. ಅವರು ಪೇಪರು ತರಿಸುವುದಿಲ್ಲ. ವಾಸ್ತು ಮಾತ್ರ ತಿಳಿದಿದ್ದಾರೆ.

"ಯಾರದಿದು ಮನಿ?"

"ಮಾನೆ ಅನ್ನೋನು ಬರೆದದ್ದು ಗೌಡ್ರೇ."

"ಯಾವ ಮಾನೆ? ಸಂಡೂರಿನ ಮಾನೆಯೋರಾ?"

ಗೌಡರದು ತಪ್ಪಲ್ಲ. ಘೋರ್ಪಡೆ ಮನೆತನ ಆಳಿದ ಸಂಡೂರಿನಲ್ಲಿ ಮರಾಠಿ ಅಡ್ಡಹೆಸರುಗಳಿಗೇನು ಬರ? ಪ್ಯಾರಿಸ್ಸಿನವನು ಎಂದು ಬಿಡಿಸಿ ಹೇಳಿದೆ. 1882ರ ಬೇಸಿಗೆಯಲ್ಲಿ ಪ್ಯಾರಿಸ್ಸಿನ ಪಶ್ಚಿಮಕ್ಕಿರುವ ರುಯೆಲ್ ಎಂಬಲ್ಲಿ ಬಾಡಿಗೆಗೆ ಹಿಡಿದಿದ್ದ ಮನೆ ಇದು ಎಂದೂ ಹೇಳಿದೆ. ಗೌಡರು ಹತ್ತಿರ ಹೋಗಿ ಬೆರಳಿಟ್ಟು ತೋರಿಸಿದರು.

"ಇಲ್ಲಿ ನೋಡ್ರಿ ಮಾಸ್ತರೆ. ತಲಬಾಕ್ಲಿಗೆ ಎದುರಾ ಎದುರು ಗಿಡ. ಇದಕ್ಕ ದ್ವಾರವೇಧ ಅಂತಾರ. ಇಂಥಾ ಮನ್ಯಾಗ ಇದ್ದೋನು ಉಳಿಯಾಂಗಿಲ್ಲ. ಆಮ್ಯಾಲ ಏನಾತು ಅವಂಗ?"

ಸುಳ್ಳು ಹೇಳಬಹುದಿತ್ತು. ಮಾಸ್ತರಿಕೆಯ ಚಟ, ಇಸವಿ ಕೇಳಿದರೆ ಬಾಯಿ ತಾನಾಗಿ ತೆರೆಯುತ್ತದೆ. "1883ರ ಏಪ್ರಿಲ್ 30ಕ್ಕೆ ತೀರಿಕೊಂಡ" ಎಂದೆ. "ಐವತ್ತೊಂದು ವರ್ಷಕ್ಕೇ."

ಗೌಡರು ಮಾತಾಡಲಿಲ್ಲ. ಪೇಪರನ್ನು ನಾಲ್ಕು ಮಡಿಕೆ ಮಾಡಿ ಟೀಪಾಯಿಯ ಮೇಲಿಟ್ಟು, ಕಿಟಕಿಯ ಆಚೆ ನಮ್ಮ ಅಂಗಳವನ್ನು ನೋಡಿದರು. ಅಲ್ಲಿ, ನಮ್ಮ ತಲಬಾಗಿಲಿಗೆ ಎದುರಾ ಎದುರು, ನಮ್ಮ ಬೇವಿನ ಗಿಡ ನಿಂತಿತ್ತು.

ಬೇರೆ ಕಡೆಯವರಿಗೆ ಒಂದು ಮಾತು. ನಮ್ಮಲ್ಲಿ ಮರಕ್ಕೂ ಗಿಡವೆಂದೇ ಹೆಸರು. ಇಬ್ಬರು ಕೈಕೈ ಹಿಡಿದು ತಬ್ಬಿದರೂ ಸಿಗದ ಹುಣಸೆಯೂ ಗಿಡ, ಕುಂಡದೊಳಗಿನ ತುಳಸಿಯೂ ಗಿಡ. ಈ ಬೇವಿನ ಗಿಡವನ್ನು ಕಡಿಸಬೇಕೆಂದು ಗೌಡರು ಹನ್ನೊಂದು ವರ್ಷದಿಂದ ಹೇಳುತ್ತಿದ್ದಾರೆ. ಹೇಳುವಾಗ ಸಾಮಾನ್ಯವಾಗಿ ಅದರ ನೆರಳಿನಲ್ಲೇ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ಬೇಸಿಗೆಯಲ್ಲಿ ನಲವತ್ತರ ಮೇಲೆ ಹೋಗುವ ಹೊಸಪೇಟೆಯ ಬಿಸಿಲಿನಲ್ಲಿ ನಿಂತು ಹೇಳುವಂಥ ಮಾತಲ್ಲ ಅದು.

ಮಾನೆಯ ಸಾವಿಗೆ ಮರ ಕಾರಣವಲ್ಲ. ರುಯೆಲ್‌ಗೆ ಬರುವ ಹೊತ್ತಿಗೇ ಅವನ ಕಾಲು ಸ್ವಾಧೀನ ತಪ್ಪಿತ್ತು; ಮರುವರ್ಷ ಸಾಯುವುದಕ್ಕೆ ಸುಮಾರು ಹತ್ತು ದಿನ ಮುಂಚೆ ಎಡಗಾಲನ್ನು ಕತ್ತರಿಸಿದರು. ಅದಕ್ಕಿಂತ ಮುಂಚಿನ ಆ ಬೇಸಿಗೆಯಲ್ಲಿ ದೂರ ನಡೆದುಹೋಗಿ ಹೊಳೆ, ಬೆಟ್ಟ, ಹೊಲ ಎಂದು ಬರೆಯುವ ಹಾಗಿರಲಿಲ್ಲ. ಕುರ್ಚಿ ಹಾಕಿದ ಕಡೆ ಕೂತ, ಕೂತಲ್ಲಿಂದ ಕಂಡದ್ದನ್ನು ಬರೆದ. ಕಂಡದ್ದರಲ್ಲಿ ಮರ ಬಾಗಿಲಿಗೆ ಅಡ್ಡ ಬಂದಿತ್ತು, ಬಂದ ಹಾಗೇ ಬರೆದ. ಅದೇ ನೋಟವನ್ನು ಎರಡು ಸಲ ಬರೆದಿದ್ದಾನೆ: ಅಡ್ಡಲಾಗಿ ಬರೆದದ್ದು ಬರ್ಲಿನ್ನಿನಲ್ಲಿದೆ, ಉದ್ದಕ್ಕೆ ಬರೆದದ್ದು ಮೆಲ್ಬರ್ನಿನಲ್ಲಿ. ಎರಡರಲ್ಲೂ ಮರ ಜರುಗಿಲ್ಲ. ಒಬ್ಬ ಒಳ್ಳೆಯ ಫೋಟೋಗ್ರಾಫರ್ ಆಗಿದ್ದರೆ "ಸ್ವಲ್ಪ ಎಡಕ್ಕೆ ಬರ್ರೀ ಸರ್" ಎಂದು ಮನೆಗೇ ಹೇಳಿರುತ್ತಿದ್ದ.

ಮೆಲ್ಬರ್ನಿನವರು ಅದನ್ನು 1926ರಲ್ಲಿ ಕೊಂಡರಂತೆ. ದುಡ್ಡು ಬಿಟ್ಟುಹೋದವನು ಆಲ್ಫ್ರೆಡ್ ಫೆಲ್ಟನ್ ಎಂಬ ಔಷಧಿ ವ್ಯಾಪಾರಿ. ನಮ್ಮೂರಿಗೂ ಒಮ್ಮೆ ದುಡ್ಡು ಬಂದಿತ್ತು, ಅದಿರಿನ ದುಡ್ಡು. ಆಗ ನಾವು ಚಿತ್ರ ಕೊಳ್ಳಲಿಲ್ಲ. ಚಿತ್ರದೊಳಗಿನ ಮನೆಯನ್ನೇ ಕಟ್ಟಿಸಿದೆವು. ಕಂಬ, ಕಂಬದ ಮೇಲೆ ಮುಕ್ಕೋನ, ಗೇಟಿನ ಮೇಲೆ ಎರಡು ಸಿಂಹ. ಬಳ್ಳಾರಿ ರಸ್ತೆಯ ಕಡೆ ಹೋದರೆ ಇಂಥ ರುಯೆಲ್‌ಗಳು ಬೇಕಾದಷ್ಟಿವೆ. ಇಲ್ಲದ್ದು ಮರವೊಂದೇ.

ಇಂಥ ಚಿತ್ರಗಳಿಗೆ ಇಂಪ್ರೆಷನಿಸ್ಟ್ ಎನ್ನುತ್ತಾರೆ. ಮೊನೆ 1872ರಲ್ಲಿ ಬಂದರೊಂದರ ಸೂರ್ಯೋದಯ ಬರೆದು ಅದಕ್ಕೆ ‘ಇಂಪ್ರೆಷನ್’ ಎಂದು ಹೆಸರಿಟ್ಟ. 1874ರ ಏಪ್ರಿಲಿನಲ್ಲಿ ನಾಡಾರ್ ಎಂಬ ಫೋಟೋಗ್ರಾಫರನ ಹಳೆಯ ಸ್ಟುಡಿಯೋದಲ್ಲಿ ಅವನ ಗುಂಪಿನವರು ಪ್ರದರ್ಶನ ಇಟ್ಟಾಗ ಲೂಯಿ ಲೆರ್ವಾ ಎಂಬ ಪತ್ರಿಕೆಯವನು ಗೇಲಿ ಮಾಡಿ ಅದೇ ಪದವನ್ನು ಎಲ್ಲರ ಕೊರಳಿಗೆ ಕಟ್ಟಿದ. ಗೇಲಿಯೇ ಹೆಸರಾಯಿತು. ಮಾನೆ ಮಾತ್ರ ಅವರ ಎಂಟು ಪ್ರದರ್ಶನಗಳಲ್ಲಿ ಒಂದಕ್ಕೂ ಚಿತ್ರ ಕೊಡಲಿಲ್ಲ. ಎಲ್ಲಾ ಮದುವೆಯ ಓಡಾಟದಲ್ಲೂ ಇದ್ದು ಫೋಟೋಕ್ಕೆ ಮಾತ್ರ ನಿಲ್ಲದ ದೊಡ್ಡಪ್ಪ ಒಬ್ಬ ಪ್ರತಿ ಮನೆತನದಲ್ಲೂ ಇರುತ್ತಾನೆ.

ನಮ್ಮ ಕಡೆ ಇಂಪ್ರೆಷನ್ ಅಂದರೆ ಬೇರೆ. ಸಬ್‌ರಿಜಿಸ್ಟ್ರಾರ್ ಕಚೇರಿಯ ಕಟ್ಟೆಯ ಮೇಲೆ ಕೂತ ಪತ್ರಬರಹಗಾರರನ್ನು ಕೇಳಿ: ‘ಥಂಬ್ ಇಂಪ್ರೆಷನ್’, ಅಂದರೆ ಹೆಬ್ಬೆಟ್ಟು. ಆ ಲೆಕ್ಕದಲ್ಲಿ ನಮ್ಮ ಮನೆಯ ಮೊದಲ ಇಂಪ್ರೆಷನಿಸ್ಟ್ ನಮ್ಮಜ್ಜಿ. ಅಜ್ಜ ತುಂಗಭದ್ರಾ ಡ್ಯಾಮಿನ ಕೆಲಸದಲ್ಲಿ ಹಾಜರಿ ಬರೆಯುವ ಗುಮಾಸ್ತ. ಕಾಲುವೆಗೆ ನೀರು ಬಿಟ್ಟ 1953ರಲ್ಲೇ ಹೋದ. ಅವನು ಉಳಿಸಿದ್ದ ದುಡ್ಡಿನಲ್ಲಿ ಅಜ್ಜಿ ಮರುವರ್ಷ ಈ ಮನೆ ಕೊಂಡಳು. ಬಳ್ಳಾರಿ ಸೀಮೆ ಮದರಾಸು ಬಿಟ್ಟು ಮೈಸೂರು ಸೇರಿ ಆಗ ಒಂದು ವರ್ಷವಾಗಿರಬೇಕು. ಆಮೇಲೆ ಮೈಸೂರು ಹೋಗಿ ಕರ್ನಾಟಕವಾಯಿತು. 2021ರಲ್ಲಿ ಬಳ್ಳಾರಿ ಹೋಗಿ ವಿಜಯನಗರ ಜಿಲ್ಲೆಯಾಯಿತು. ನಮ್ಮ ಮನೆ ಇದ್ದಲ್ಲೇ ಇದ್ದು ಇಷ್ಟು ಊರು ತಿರುಗಿದೆ.

ಆ ಖರೀದಿ ಪತ್ರ ನನ್ನ ಬೀರುವಿನಲ್ಲಿದೆ. ಮಾನೆಯ ಚಿತ್ರ ಬಂದ ಮೇಲೆ ಅದನ್ನು ತೆಗೆದು ಓದಿದೆ. ಪತ್ರದಲ್ಲಿ ಮನೆಯ ವರ್ಣನೆ ಇರಲೇಬೇಕಲ್ಲ. ಚೆಕ್ಕುಬಂದಿ: ಪೂರ್ವಕ್ಕೆ ಸಂದಿ, ಪಶ್ಚಿಮಕ್ಕೆ ಮತ್ತೊಬ್ಬರ ಗೋಡೆ, ಉತ್ತರಕ್ಕೆ ಬೀದಿ, ದಕ್ಷಿಣಕ್ಕೆ ಬಾಳೆ ತೋಟದ ಬದು. ಅಂದರೆ ಮನೆ ಹೇಗಿದೆ ಎಂದು ಒಂದು ಅಕ್ಷರವೂ ಇಲ್ಲ. ಮನೆ ಎಲ್ಲೆಲ್ಲಿ ಇಲ್ಲ ಎಂಬುದನ್ನು ನಾಲ್ಕು ಕಡೆಯಿಂದ ಹೇಳಿ ನಡುವೆ ಉಳಿದದ್ದೇ ಮನೆ ಎಂದು ಬಿಟ್ಟಿದ್ದಾರೆ. ಕೊನೆಗೆ ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ. ಈ ಎಂಟು ಮಾತು ವಿಜಯನಗರದ ಅರಸರ ದಾನಶಾಸನಗಳಲ್ಲೂ ಬರುತ್ತವೆ, ಮೂರಂಕಣದ ನಮ್ಮ ಮನೆಯ ಪತ್ರದಲ್ಲೂ ಬಂದಿವೆ. ನಿಧಿ ನಿಕ್ಷೇಪದ ಆಸೆಗೆ ಅಪ್ಪ ಒಮ್ಮೆ ಹಿತ್ತಲಲ್ಲಿ ಅಗೆದದ್ದುಂಟು. ಸಿಕ್ಕಿದ್ದು ಪಾಷಾಣ.

ಬೇವಿನ ಗಿಡ ಮಾತ್ರ ಪತ್ರದಲ್ಲಿ ಇಲ್ಲ. ಆಗ ಅದು ಹುಟ್ಟಿರಲಿಲ್ಲ. ‘ಆಗಾಮಿ’ಯ ಕೆಳಗೆ ಬಂದಿರಬೇಕು.

ಹಾಳೆಯ ಅಡಿಯಲ್ಲಿ ಅಜ್ಜಿಯ ಹೆಬ್ಬೆಟ್ಟು. ಎಪ್ಪತ್ತು ವರ್ಷದಲ್ಲಿ ಅಂಚು ಮಾಸಿ ನಡುವಿನ ಗೆರೆಗಳು ಗದ್ದೆಯ ಬದುಗಳ ಹಾಗೆ ಸುತ್ತಿಕೊಂಡಿವೆ. ಒತ್ತಿದ ಮೇಲೆ ಶಾಯಿಯ ಬೆರಳನ್ನು ತಲೆಗೂದಲಿಗೆ ಒರೆಸಿಕೊಂಡು ಮನೆಗೆ ಬಂದಳಂತೆ. ಆಗೆಲ್ಲಾ ಹಾಗೇ, ಕಚೇರಿಯಲ್ಲಿ ಬಟ್ಟೆ ಎಲ್ಲಿರುತ್ತಿತ್ತು?

ಇಷ್ಟೆಲ್ಲಾ ಓದಿ ತಲೆಗೆ ಏರಿದ್ದರಿಂದ ಒಂದು ಸಂಜೆ ಊಟಕ್ಕೆ ಕೂತಾಗ, "ಮನಿ ಪೇಂಟ್ ಮಾಡಬೇಕಂತ ಮಾಡೀನಿ" ಅಂದುಬಿಟ್ಟೆ.

ಹೆಂಡತಿಯ ಮುಖದಲ್ಲಿ ಮೂಡಿದ ಸಂತೋಷವನ್ನು ಬರೆಯಲು ಮಾನೆಯೂ ಸಾಲದು. ಆರು ವರ್ಷದಿಂದ ಅವಳು ಗೋಡೆಗೆ ಬಣ್ಣ ಬಳಿಸಿರಿ ಎಂದು ಕೇಳುತ್ತಲೇ ಇದ್ದಾಳೆ. ತನ್ನ ವಾದಕ್ಕೆ ಅವಳು ಕೃಷ್ಣದೇವರಾಯನನ್ನು ಸಾಕ್ಷಿ ಕರೆಯುತ್ತಾಳೆ. ರಾಯ ತನ್ನ ಪ್ರೀತಿಯ ಹೆಂಡತಿಗಾಗಿ ಕಟ್ಟಿಸಿದ ಊರೇ ನಮ್ಮ ಹೊಸಪೇಟೆ. 1520ರ ಸುಮಾರಿಗೆ ಬಂದ ಪೋರ್ಚುಗೀಸರ ಪಾಯಸ್ ಕೂಡ ಹಾಗೇ ಬರೆದಿಟ್ಟಿದ್ದಾನೆ. ನಾಗಲಾಪುರ ಎಂಬುದು ಅದರ ಹಳೆಯ ಹೆಸರು. "ಅವ ಹೆಂಡ್ತಿಗೆ ಊರು ಕಟ್ಟಿಸಿದ. ನೀವು ಒಂದು ಗ್ವಾಡಿಗೆ ಬಣ್ಣ ಹಚ್ಚಸಾಕ ಆರು ವರ್ಷ ತಗಂಡ್ರಿ." ರಾಯನಿಗೆ ಒಬ್ಬಳೇ ರಾಣಿಯಲ್ಲವೆಂದು ನಾನು ಹೇಳಹೋಗಿ ಒಮ್ಮೆ ರಾತ್ರಿಯ ಊಟ ತಪ್ಪಿಸಿಕೊಂಡಿದ್ದೇನೆ.

ನಾನು ಹೇಳಿದ್ದು ಗೋಡೆಗೆ ಬಣ್ಣ ಬಳಿಯುವ ಮಾತಲ್ಲ, ಮನೆಯ ಚಿತ್ರ ಬರೆಯುವ ಮಾತು ಎಂದು ವಿವರಿಸುವಷ್ಟರಲ್ಲಿ ಪೇಂಟರು ಬಾಗಿಲಲ್ಲಿ ನಿಂತಿದ್ದ, ಕಂಕುಳಲ್ಲಿ ಶೇಡ್ ಕಾರ್ಡು. ಶೇಡ್ ಎಂದರೆ ನೆರಳು ಎಂದು ಹುಡುಗರಿಗೆ ಕಲಿಸಿದವನು ನಾನು. ಸಾವಿರಾರು ನೆರಳುಗಳನ್ನು ಸಾಲಾಗಿ ಅಂಟಿಸಿದ ಆ ಪುಸ್ತಕ ನೋಡಿ ಬೆರಗಾದೆ. ಪೇಂಟರು ಪಡಸಾಲೆಯ ಗೋಡೆ ಅಳೆಯುತ್ತಾ ಮಾನೆಯ ಮುಂದೆ ನಿಂತ. ತಲೆ ಅತ್ತಿತ್ತ ಆಡಿಸಿದ. ಹತ್ತಿರ ಹೋಗಿ ಉಗುರಿನಲ್ಲಿ ಗಾಜು ಕೆರೆದ.

"ಸಾರ್, ಇದನ್ನ ಬರದೋರು ಪುಟ್ಟಿ ಹಾಕಿಲ್ಲ. ಒಂದs ಹ್ಯಾಂಡ್ ಹೊಡದು ಬಿಟ್ಟಾರ. ಬ್ರಷ್ ಗೆರಿ ಎಲ್ಲಾ ಕಾಣ್ತಾವು. ಇನ್ನೊಂದು ಹ್ಯಾಂಡ್ ಹೊಡೀಬೇಕಿತ್ತು."

ನಾನು ನಗಲಿಲ್ಲ. 1874ರಲ್ಲಿ ಲೂಯಿ ಲೆರ್ವಾ ಮೊನೆಯ ಮೇಲೆ ಹೊರಿಸಿದ ದೋಷವೂ ಇದೇ: ಗೋಡೆಗೆ ಅಂಟಿಸುವ ಕಾಗದ ಅರೆಬರೆಯಾಗಿದ್ದಾಗಲೂ ಇದಕ್ಕಿಂತ ಪೂರ್ತಿಯಾಗಿರುತ್ತದೆ ಎಂಬರ್ಥದಲ್ಲಿ ಬರೆದಿದ್ದ. ಪ್ಯಾರಿಸ್ಸಿನ ವಿಮರ್ಶಕನೂ ನಮ್ಮೂರ ಚಿತ್ತವಾಡಗಿಯ ಪೇಂಟರೂ ಒಂದೇ ಮಾತಿಗೆ ಬಂದಿದ್ದಾರೆ ಅಂದರೆ ಮಾತಿನಲ್ಲಿ ಏನೋ ಇರಬೇಕು. ಗೆರೆ ಕಾಣಲೆಂದೇ ಆ ಚಿತ್ರಗಾರರು ಬರೆದದ್ದು. ಬೆಳಕು ನಿಲ್ಲುವುದಿಲ್ಲ, ಎರಡನೆಯ ಹ್ಯಾಂಡ್ ಹೊಡೆಯುವಷ್ಟರಲ್ಲಿ ಅದು ಗೋಡೆ ಇಳಿದು ಅಂಗಳಕ್ಕೆ ಬಂದಿರುತ್ತದೆ. ಬಣ್ಣವನ್ನು ಹಂದಿಯ ಮೂತ್ರಕೋಶದ ಚೀಲದಲ್ಲಿ ಕಟ್ಟಿ ಇಡುತ್ತಿದ್ದ ಕಾಲ ಹೋಗಿ, 1841ರಲ್ಲಿ ಜಾನ್ ರ‍್ಯಾಂಡ್ ಎಂಬ ಅಮೆರಿಕದ ಚಿತ್ರಗಾರ ತವರದ ಟ್ಯೂಬು ಕಂಡುಹಿಡಿದ ಮೇಲೆ ಜೇಬಿನಲ್ಲಿ ಬಣ್ಣ ಹಾಕಿಕೊಂಡು ಬಯಲಿಗೆ ಹೋಗುವುದು ಸುಲಭವಾಯಿತು. ಹಲ್ಲುಜ್ಜುವ ಪೇಸ್ಟಿಗೂ ಟ್ಯೂಬು ಬಂದದ್ದು ಬಣ್ಣದ ಟ್ಯೂಬು ಬಂದ ಮೇಲೆಯೇ.

ಪೇಂಟರು ಲೆಕ್ಕ ಹೇಳಿದ. ನಾನು ಯುಗಾದಿಯಾಗಲಿ ಅಂದೆ. ಹೆಂಡತಿ ಒಳಗೆ ಹೋಗಿ ಪಾತ್ರೆಗಳೊಂದಿಗೆ ಮಾತಾಡತೊಡಗಿದಳು.

ಹೋಗುವ ಮುಂಚೆ ಅವನು ಹಳೆಯ ಗೋಡೆಯ ಒಂದು ಹೆಕ್ಕಳಿಕೆಯನ್ನು ಎಬ್ಬಿಸಿ ತೋರಿಸಿದ. ಒಳಗೆ ಸುಣ್ಣ, ಸುಣ್ಣದಲ್ಲಿ ತೆಳು ನೀಲಿ. ಅಜ್ಜಿಯ ಕಾಲದ್ದು. ಯುಗಾದಿಗೆ ಮುಂಚೆ ಮಣ್ಣಿನ ಬಾನಿಯಲ್ಲಿ ಸುಣ್ಣದ ಹರಳು ಕುದಿಯುತ್ತಿದ್ದದ್ದು, ಆರಿದ ಮೇಲೆ ಅಜ್ಜಿ ಬಟ್ಟೆಗೆ ಹಾಕುವ ನೀಲಿಯ ಪುಡಿಯನ್ನು ಚಿಟಿಕೆಯಲ್ಲಿ ತಂದು ಉದುರಿಸುತ್ತಿದ್ದದ್ದು ನೆನಪಾಯಿತು. ಬಿಳಿಗೆ ನೀಲಿ ಯಾಕಮ್ಮಾ ಎಂದರೆ, "ಬೆಳ್ಳಗ ಕಾಣಲಿ ಅಂತ" ಎನ್ನುತ್ತಿದ್ದಳು. ನಾನು ಬಿ.ಎಸ್ಸಿ. ಮಾಡಿ ಬಂದ ಮೇಲೂ ಅದಕ್ಕಿಂತ ಒಳ್ಳೆಯ ಕಾರಣ ಹೇಳಲಾರೆ. ಸುಣ್ಣ ಹಳದಿಗೆ ತಿರುಗುತ್ತದೆ, ನೀಲಿ ಅದನ್ನು ಎಳೆದು ಬಿಳಿಗೆ ತರುತ್ತದೆ, ಅಷ್ಟೇ.

ಆದರೆ ಆ ನೀಲಿ ಯಾವುದು ಗೊತ್ತೇ? ಆಫ್ಘಾನಿಸ್ತಾನದ ಲ್ಯಾಪಿಸ್ ಲಜುಲಿ ಕಲ್ಲನ್ನು ಅರೆದು, ಚಿನ್ನದ ಬೆಲೆಗೆ ಮಾರುತ್ತಿದ್ದ ಅಲ್ಟ್ರಾಮರೀನ್ ಬಣ್ಣವನ್ನು ಅಗ್ಗವಾಗಿ ಮಾಡಿದವರಿಗೆ ಫ್ರಾನ್ಸಿನಲ್ಲಿ 6000 ಫ್ರಾಂಕ್ ಬಹುಮಾನ ಸಾರಿದ್ದರು. 1828ರಲ್ಲಿ ಗಿಮೆ ಎಂಬ ರಸಾಯನಶಾಸ್ತ್ರಜ್ಞ ಅದನ್ನು ಗೆದ್ದ. ಜೇಡಿಮಣ್ಣು, ಸೋಡಾ, ಗಂಧಕ, ಇದ್ದಿಲು ಸೇರಿಸಿ ಕಾಸಿದರೆ ಬರುವ ಆ ನೀಲಿ ಒಂದು ಕಡೆ ಇಂಪ್ರೆಷನಿಸ್ಟರ ಟ್ಯೂಬಿಗೆ ಹೋಯಿತು, ಇನ್ನೊಂದು ಕಡೆ ಅಗಸರ ಬಾನಿಗೆ. ಅಲ್ಲಿಂದ ಕಿರಾಣಿ ಅಂಗಡಿಯ ರಾಬಿನ್ ನೀಲಿಯಾಗಿ ನಮ್ಮಜ್ಜಿಯ ಚಿಟಿಕೆಗೆ. ಇಂಪ್ರೆಷನಿಸ್ಟರು ಅದರಿಂದ ನೆರಳು ಬರೆದರು. ನೆರಳು ಕರಿಯದಲ್ಲ, ಮೇಲಿನ ಆಕಾಶ ಅದರೊಳಗೆ ಇಳಿದು ನೀಲಿಯಾಗಿರುತ್ತದೆ ಎಂದು ಹಟ ಹಿಡಿದರು. ಆ ಮಾತು ನಿಜವೇ ಎಂದು ನೋಡಲು ಮರುದಿನ ಹನ್ನೊಂದು ಗಂಟೆಗೆ ನಾನು ಬೇವಿನ ಗಿಡದ ನೆರಳನ್ನು ಗೋಡೆಯ ಮೇಲೆ ನೋಡುತ್ತಾ ನಿಂತೆ. ನೀಲಿಯೇ. ಅರವತ್ತೈದು ವರ್ಷ ಆ ನೆರಳಿನಲ್ಲಿ ಕೂತಿದ್ದೆ, ಮಲಗಿದ್ದೆ, ಪತ್ರಿಕೆ ತಿದ್ದಿದ್ದೆ, ಅದಕ್ಕೆ ಬಣ್ಣ ಇದೆಯೆಂದು ಗೊತ್ತಿರಲಿಲ್ಲ.

"ಏನ್ ನೋಡಾಕತ್ತೀರಿ ಮಾಸ್ತರೆ?" ಗೌಡರು ಗೇಟಿನಿಂದ ಕೇಳಿದರು.

"ನೆರಳು ನೀಲಿ ಐತಿ ಗೌಡ್ರೇ."

"ಬಿಸಿಲಾಗ ಭಾಳ ನಿಲ್ಲಬ್ಯಾಡ್ರಿ" ಎಂದು ಹೇಳಿ, ಅವರು ನೆರಳಿಗೆ ಬಂದು ಕೂತರು.

ಚಿತ್ರ ಬರೆಯುವ ಮೊದಲು ನಾಲ್ಕು ಕಡೆ ನೋಡಿಕೊಂಡು ಬರೋಣ ಎಂದು ಹೊರಟೆ. ಇದು ಸೋಮಾರಿಗಳ ಹಳೆಯ ಉಪಾಯ. ಹಂಪಿಯ ವಿರೂಪಾಕ್ಷನ ಗುಡಿಯ ಹಿಂಭಾಗದಲ್ಲಿ ಒಂದು ಕತ್ತಲೆ ಕೋಣೆಯಿದೆ. ಅಲ್ಲಿಯ ಸಣ್ಣ ಕಂಡಿಯಿಂದ ಬಂದ ಬೆಳಕು ಎದುರಿನ ಗೋಡೆಯ ಮೇಲೆ ಸುಮಾರು ಐವತ್ತು ಮೀಟರ್ ಎತ್ತರದ ರಾಜಗೋಪುರವನ್ನು ತಲೆಕೆಳಗಾಗಿ ಬರೆಯುತ್ತದೆ. ಸೂಜಿರಂಧ್ರ ಬಿಂಬಗ್ರಾಹಿಯ ಪಾಠಕ್ಕೆ ಪ್ರತಿ ವರ್ಷ ಹುಡುಗರನ್ನು ಅಲ್ಲಿಗೇ ಒಯ್ಯುತ್ತಿದ್ದೆ. ಅವರಿಗೆ ಗೋಪುರಕ್ಕಿಂತ ಗುಡಿಯ ಆನೆ ಲಕ್ಷ್ಮಿ ಹೆಚ್ಚು ಇಷ್ಟ. ನಾನೂ ಕಿರಣಗಳ ಗೆರೆ ಎಳೆದು ತೋರಿಸಿ ಮುಗಿಸುತ್ತಿದ್ದೆ. ಈ ಸಲ ಒಬ್ಬನೇ ನಿಂತು ನೋಡಿದೆ. ಅಂಚು ಮಸುಕು, ಅಲ್ಲಲ್ಲಿ ಬೆಳ್ಳಗೆ, ಅಲ್ಲಲ್ಲಿ ಮಬ್ಬು, ಒಂದೇ ಹ್ಯಾಂಡು. ಅದೇ ಗುಡಿಯ ರಂಗಮಂಟಪದ ಸೂರಿನಲ್ಲಿ ಗಿರಿಜಾಕಲ್ಯಾಣದ, ವಿದ್ಯಾರಣ್ಯರ ಪಲ್ಲಕ್ಕಿಯ ಚಿತ್ರಗಳಿವೆಯಲ್ಲ, ಅಲ್ಲಿ ಪ್ರತಿಯೊಂದು ಗೆರೆಯೂ ಗಟ್ಟಿ, ಒಬ್ಬರಿಗೂ ನೆರಳಿಲ್ಲ. ದೇವರ ಮದುವೆಯಲ್ಲಿ ಬಿಸಿಲು ಎಲ್ಲಿಂದ ಬರಬೇಕು? ಮುಂದಿನ ಸೂರಿನಲ್ಲಿ ಗೆರೆ, ಹಿಂದಿನ ಗೋಡೆಯಲ್ಲಿ ಬೆಳಕು. ಇಬ್ಬರು ಚಿತ್ರಗಾರರಿಗೂ ಒಂದೇ ಗುಡಿ ಸಾಕಾಗಿದೆ.

ಇದೇ ವಿದ್ಯೆ ಬೇವಿನ ಗಿಡಕ್ಕೂ ಗೊತ್ತು. ಎಲೆಗಳ ಸಂದಿಯಿಂದ ಅಂಗಳಕ್ಕೆ ಬೀಳುವ ಬಿಸಿಲಿನ ದುಂಡು ಬಿಲ್ಲೆಗಳು ಒಂದೊಂದೂ ಸೂರ್ಯನ ಬಿಂಬವೇ. 2019ರ ಡಿಸೆಂಬರ್ 26ರ ಗ್ರಹಣದ ದಿನ ಬೆಳಿಗ್ಗೆ ಆ ಬಿಲ್ಲೆಗಳೆಲ್ಲಾ ಕುಡುಗೋಲುಗಳಾಗಿ ಅಂಗಳ ತುಂಬಾ ಬಿದ್ದಿದ್ದವು. ಗ್ರಹಣ ನೋಡಬಾರದೆಂದು ಒಳಗೆ ಕೂತಿದ್ದ ಗೌಡರಿಗೆ ಇದನ್ನು ತೋರಿಸಲಾಗಲಿಲ್ಲವೆಂಬ ಕೊರಗು ನನಗೆ ಈಗಲೂ ಇದೆ.

ತೋಟವಿರುವ ಬಂಗಲೆಗಳನ್ನು ಹುಡುಕಿದರೆ ನಮ್ಮ ಕಡೆಯವು ಎಲ್ಲಾ ವಿಚಿತ್ರ. ಕಮಲಾಪುರದ ಹಳೆಯ ಪ್ರವಾಸಿ ಬಂಗಲೆ ಮೂಲದಲ್ಲಿ ಒಂದು ಶಿವನ ಗುಡಿ. ಹಂಪಿಗೆ ಬಂದ ದೊರೆಗಳು ಉಳಿಯಲೆಂದು ಅದನ್ನೇ ಮನೆ ಮಾಡಿಕೊಂಡಿದ್ದರು. ಲಿಂಗ ಇದ್ದಲ್ಲಿ ಮಂಚ ಹಾಕಿದವನಿಗೆ ಗೌಡರು ಏನು ವೇಧ ಹೇಳುತ್ತಿದ್ದರೋ! ಸಂಡೂರಿನ ಬೆಟ್ಟಸಾಲಿನ ಮೇಲೆ ರಾಮನದುರ್ಗವಿದೆ. ಬಳ್ಳಾರಿಯ ದಂಡಿನ ಬಿಳಿಯರು ಬಿಸಿಲು ತಾಳಲಾರದೆ ಅಲ್ಲಿ ಬೇಸಿಗೆಗೆ ಬಂಗಲೆ ಕಟ್ಟಿಕೊಂಡಿದ್ದರು. ಈಗ ಸೂರಿಲ್ಲದ ಗೋಡೆಗಳಿವೆ, ಒಲೆಗೂಡುಗಳಿವೆ. ಅಲ್ಲಿ ಮರ ಬಾಗಿಲಿಗೆ ಅಡ್ಡ ನಿಂತಿಲ್ಲ. ಬಾಗಿಲಿನಿಂದ ಒಳಕ್ಕೆ ಹೋಗಿ ಕೋಣೆಯ ನಡುವೆಯೇ ಎದ್ದು ನಿಂತಿದೆ.

ಸಂಡೂರನ್ನು ಸೆಪ್ಟೆಂಬರಿನಲ್ಲಿ ನೋಡಬೇಕೆಂದು ಗಾಂಧಿ ಹೇಳಿದರೆಂದು ಅಲ್ಲಿಯವರು ಹೇಳುತ್ತಾರೆ. ಹಸಿರು ಆಗ ಹಾಗಿರುತ್ತದೆ, ನಿಜ. ನಾನು ಅದನ್ನು ಒಂದೇ ಬಣ್ಣದಲ್ಲಿ ನೋಡಿದ ಕಾಲವೂ ಉಂಟು. ಸುಪ್ರೀಂ ಕೋರ್ಟು 2011ರಲ್ಲಿ ಗಣಿ ನಿಲ್ಲಿಸುವ ಮುಂಚೆ ಅದಿರಿನ ಲಾರಿಗಳ ಸಾಲು ಮುಗಿಯುತ್ತಲೇ ಇರಲಿಲ್ಲ. ರಸ್ತೆಬದಿಯ ಮರ ಕೆಂಪು, ಜೋಳ ಕೆಂಪು, ಒಣಹಾಕಿದ ಪಂಚೆ ಕೆಂಪು, ಬಿಳಿ ನಾಯಿ ಕೆಂಪು. ಶೇಡ್ ಕಾರ್ಡಿನ ಒಂದೇ ಹಾಳೆಯಿಂದ ಇಡೀ ತಾಲೂಕಿಗೆ ಎರಡೆರಡು ಹ್ಯಾಂಡ್ ಹೊಡೆದ ಪೇಂಟರನ್ನು ಆಗ ಯಾರೂ ತಡೆಯಲಿಲ್ಲ. ಆದರೆ ಅದೇ ಸಂಡೂರಿನಲ್ಲಿ ಲಂಬಾಣಿ ಹೆಂಗಸರು ಕೂತು ಹೊಲಿಯುತ್ತಾರೆ. ಕೆಂಪಿನ ಪಕ್ಕ ನೀಲಿ, ನೀಲಿಯ ಪಕ್ಕ ಹಳದಿ, ಚುಕ್ಕೆ ಚುಕ್ಕೆಯಾಗಿ, ನಡುವೆ ಕನ್ನಡಿಯ ಬಿಲ್ಲೆ. ಹತ್ತಿರದಿಂದ ಬರೀ ಹೊಲಿಗೆ, ಎಂಟು ಹೆಜ್ಜೆ ಹಿಂದೆ ಸರಿದರೆ ಹೂದೋಟ. ಪ್ಯಾರಿಸ್ಸಿನವರು ಕಣ್ಣು ಕಿರಿದು ಮಾಡಿ ನೋಡಿರಿ ಎನ್ನುತ್ತಿದ್ದದ್ದೂ ಇದನ್ನೇ ಇರಬೇಕು.

ಕಂಪ್ಲಿಯಲ್ಲಿ ಹೆಂಡತಿಯ ಅಣ್ಣನ ಗದ್ದೆಮನೆಯಿದೆ. ಡ್ಯಾಮಿನ ಗೇಟು ತೆರೆದು ಹೊಳೆ ತುಂಬಿದರೆ ಗಂಗಾವತಿಯ ಕಡೆಗಿನ ಸೇತುವೆ ಮುಳುಗಿ ಆ ಊರಿಗೆ ಅರ್ಧ ಜಗತ್ತು ಕಡಿದುಹೋಗುತ್ತದೆ. ನಾನು ಹೋದಾಗ ನಾಟಿ ಮುಗಿದಿತ್ತು. ಮಡಿಗಳಲ್ಲಿ ನಿಂತ ನೀರಿನಲ್ಲಿ ಆ ತಗಡಿನ ಮನೆ, ಒಂದು ತೆಂಗು, ಒಂದು ಟ್ರ್ಯಾಕ್ಟರು ತಲೆಕೆಳಗಾಗಿ ನಿಂತಿದ್ದವು. ಗಾಳಿ ಬಂದರೆ ಮನೆ ಚೂರುಚೂರಾಗಿ ಮತ್ತೆ ಕೂಡಿಕೊಳ್ಳುತ್ತಿತ್ತು. ಬದುವಿನ ಮೇಲೆ ನಿಂತು ಅರ್ಧ ಗಂಟೆ ನೋಡಿದೆ. ಭಾವ ಬಂದು, "ಇಲ್ಲಿ ಜಿಗುಟು ಮಣ್ಣ ಐತಿ ಮಾಸ್ತರೆ, ಹುಷಾರು" ಎಂದರು. ಅವರು ಹೇಳಿ ಮುಗಿಸಿರಲಿಲ್ಲ.

ಕಾಲು ಮುರಿಯಲಿಲ್ಲ, ಉಳುಕಿತು. ಮೂರು ವಾರ ಓಡಾಡಬೇಡಿ ಎಂದರು ಡಾಕ್ಟರು. ಮಾನೆಯ ಕಾಯಿಲೆಯ ಮುಂದೆ ಇದು ಏನೂ ಅಲ್ಲ, ಹೋಲಿಸಲೂಬಾರದು. ಆದರೂ ಅಂಗಳದಲ್ಲಿ ಕುರ್ಚಿ ಹಾಕಿಸಿ, ಸ್ಟೂಲಿನ ಮೇಲೆ ಕಾಲಿಟ್ಟು, ಮನೆಯ ಕಡೆ ಮುಖ ಮಾಡಿ ಕೂತಾಗ ಒಳಗೊಳಗೆ ಸ್ವಲ್ಪ ಜಂಭ ಬಂದದ್ದು ನಿಜ. ಮೊಮ್ಮಗಳ ಬಣ್ಣದ ಡಬ್ಬಿ, ಡ್ರಾಯಿಂಗ್ ಪುಸ್ತಕ ತರಿಸಿದೆ.

ಗೇಟಿನ ಪಕ್ಕ, ಗಿಡದಿಂದ ನಾಲ್ಕು ಮಾರು ದೂರ, ಅದೇ ಜಾಗದಲ್ಲಿ ಅಜ್ಜಿ ಮಂಡಿನೋವು ಹೆಚ್ಚಾದ ಮೇಲೆ ಹೊರಸು ಹಾಕಿಸಿಕೊಂಡು ಕೂರುತ್ತಿದ್ದಳು. ಅಲ್ಲಿಂದ ಬಾಗಿಲು ಕಾಣುವುದಿಲ್ಲ. ಹೊರಗೆ ಬಂದವರು ಮೊದಲು ಬೊಡ್ಡೆಯ ಹಿಂದೆ ಹುಟ್ಟಿ, ಆಮೇಲೆ ಎಡಕ್ಕೋ ಬಲಕ್ಕೋ ಒಂದು ಕೈ, ಒಂದು ಸೆರಗು, ಒಂದು ಚೊಂಬಾಗಿ ಕಾಣಿಸಿಕೊಳ್ಳುತ್ತಾರೆ. ಬಲಕ್ಕೆ ಬಂದರೆ ಬಚ್ಚಲಿಗೆ, ಎಡಕ್ಕೆ ಬಂದರೆ ಬೀದಿಗೆ. "ಯಾರಲೇ ಅದು, ಹೇಳದಂಗ ಹೊಂಟೀದಿ?" ಎಂದು ಅವಳು ಚೊಂಬೂ ಕಾಣುವ ಮುಂಚೆಯೇ ಕೂಗುತ್ತಿದ್ದಳು. ನಾನು ಕಾಲೇಜು ತಪ್ಪಿಸಿ ಟಾಕೀಸಿಗೆ ಹೊರಟ ಮಧ್ಯಾಹ್ನಗಳೆಲ್ಲಾ ಆ ಬೊಡ್ಡೆಯ ಎಡಗಡೆಗೆ ಸಿಕ್ಕಿಬಿದ್ದಿವೆ. ಗೌಡರು ಅದನ್ನು ಕಡಿಸಿರೆಂದು ಅವಳ ಮುಂದೆ ಒಮ್ಮೆಯೂ ಹೇಳಿದವರಲ್ಲ.

ಬರೆಯುತ್ತಾ ಹೋದೆ. ಗೋಡೆಗೆ ಹಳದಿ, ಕಿಟಕಿಗೆ ಹೆಂಡತಿ ಆರಿಸಿಟ್ಟಿದ್ದ ಶೇಡು, ಕನಿಷ್ಠ ಇಲ್ಲಾದರೂ ಬಳಿದಂತಾಗಲಿ ಎಂದು. ಬೊಡ್ಡೆಯನ್ನು ನಡುವೆ ಇಟ್ಟೆ. ನೆರಳಿಗೆ ಬಂದಾಗ ಮೊಮ್ಮಗಳ ಬ್ರಷ್ಷಿನ ಕೂದಲು ಕಿತ್ತು ಬಂತು. ಉಳಿದದ್ದು ಹೆಬ್ಬೆರಳು. ನೀಲಿಗೆ ಅದ್ದಿ ಗೋಡೆಯ ಮೇಲೆ ಒಂದೊಂದಾಗಿ ಒತ್ತಿದೆ.

ಗೌಡರು ಬಂದು ಹಿಂದೆ ನಿಂತರು.

"ಬಾಕ್ಲ ಎಲ್ಲೈತಿ?"

"ಗಿಡದ ಹಿಂದೈತಿ ಗೌಡ್ರೇ."

"ಹ್ಞೂಂ" ಎಂದರು. ಕುರ್ಚಿಯನ್ನು ನೆರಳು ಜರುಗಿದ ಕಡೆಗೆ ಒಂದು ಗೇಣು ಎಳೆದುಕೊಂಡು ಪೇಪರು ಬಿಚ್ಚಿದರು.

ಬೊಡ್ಡೆಯ ಎಡಕ್ಕೆ ಕೈ, ಕೈಯಲ್ಲಿ ಚಹಾದ ತಟ್ಟೆ, ಆಮೇಲೆ ಹೆಂಡತಿ ಕಾಣಿಸಿದಳು. ಎರಡೂ ಲೋಟ ಕೊಟ್ಟು, ಚಿತ್ರದ ಕಡೆ ನೋಡದೆ ನನ್ನ ತಲೆಯ ಕಡೆ ನೋಡಿದಳು. ಯಾವಾಗಲೋ ಬೆರಳನ್ನು ಕಿವಿಯ ಮೇಲಿನ ಬಿಳಿಗೂದಲಿಗೆ ಒರೆಸಿಕೊಂಡಿದ್ದೆ.

"ಡೈ ಮಾಡ್ಕಳದಾದ್ರ ಎರಡೂ ಕಡಿ ಮಾಡ್ಕಳ್ರೀ" ಎಂದಳು.